ಲಿಫ್ಟಪ್ಪನ ಜೊತೆಗಾರ

ಅಂದು ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಹಾಲಿನವನು ಎರಡನೇ ಮನೆಯ ಹಾಲನ್ನು ಮೂರನೇ ಮನೆಗೆ ಕೊಟ್ಟು, ಎರಡನೇ ಮನೆಯವರ ಬೈಗುಳವನ್ನು ನಾಲ್ಕನೇ ಮನೆಯ ಎದುರು ನಿಂತು ಕೇಳಿಸಿಕೊಂಡು ಹೋಗಿದ್ದ. ಬೀದಿ ಇರಲಿಲ್ಲ, ಬೀದಿದೀಪ ಇರಲಿಲ್ಲ, ಎದುರಿನ ಕಟ್ಟಡವೂ ಇರಲಿಲ್ಲ. ಬರೆದದ್ದು ಸರಿ ಬರಲಿಲ್ಲವೆಂದು ದೇವರು ಇಡೀ ಲೋಕವನ್ನು ಒಮ್ಮೆ ಒರೆಸಿ, ಮತ್ತೆ ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತಿರುವ ಹಾಗಿತ್ತು.

ಆ ಮಂಜಿನ ಮುಂದೆ, ಎರಡನೇ ಮಹಡಿಯ ಬಾಲ್ಕನಿಯಲ್ಲಿ, ಕಂದು ಬಣ್ಣದ ಉಣ್ಣೆ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ನಿಂತಿದ್ದವನೇ ನಮ್ಮ ಲಿಫ್ಟಪ್ಪ.

ಅದು ಅವನ ಹೆತ್ತವರು ಇಟ್ಟ ಹೆಸರಲ್ಲ. ಏಳು ಮಹಡಿಯ ಒಂದು ಆಫೀಸಿನಲ್ಲಿ ಮೂವತ್ತೊಂದು ವರ್ಷ ಲಿಫ್ಟು ನಡೆಸಿದ್ದರಿಂದ ಅವನಿರುವ ಕಟ್ಟಡದವರು ಇಟ್ಟದ್ದು. ಅಷ್ಟು ವರ್ಷದಲ್ಲಿ ಅವನು ಮೇಲೆ ಕೆಳಗೆ ಓಡಾಡಿದ ದೂರ ಭೂಮಿಗೆ ಹೆಚ್ಚೂ ಕಡಿಮೆ ಒಂದು ಸುತ್ತು ಆಗುತ್ತದೆಂದು ಮೇಲಿನ ಮನೆಯ ಲೆಕ್ಕದ ಮೇಷ್ಟ್ರು ಒಮ್ಮೆ ಗುಣಿಸಿ ಹೇಳಿದ್ದರು. ಭೂಮಿ ಸುತ್ತಿ ಬಂದವನು ನೋಡಿದ್ದೇನು ಎಂದರೆ ಏಳು ಬಾಗಿಲು ಮಾತ್ರ. ಕೊನೆಯ ವರ್ಷ ಲಿಫ್ಟು ನೆಲಕ್ಕಿಂತ ಒಂದು ಗೇಣು ಕೆಳಗೆ ನಿಂತಿತು. ಅದು ಗೊತ್ತಾಗದೆ ಇವನು ಕಾಲಿಟ್ಟ. ಮೊಣಕಾಲು ಹೊರಳಿತು. ಕೆಲಸ ಹೋಯಿತು, ಬಸ್ ಪಾಸು ಬಂತು.

ಅರವತ್ತೈದು ದಾಟಿದವರಿಗೆ ಮತ್ತು ಕೈಕಾಲಿನ ತೊಂದರೆ ಇದ್ದವರಿಗೆ ಊರಿನ ಬಸ್ಸುಗಳಲ್ಲಿ ಓಡಾಟ ಉಚಿತ. ಲಿಫ್ಟಪ್ಪನಿಗೆ ಅರವತ್ತೊಂದೇ, ಆದ್ದರಿಂದ ವಯಸ್ಸಿನ ಪಾಸಲ್ಲ, ಮೊಣಕಾಲಿನ ಪಾಸು. ಒಂದು ವರ್ಷಕ್ಕೆ. ಅದರ ಕೆಳಗಡೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ‘ಜೊತೆಗಾರರು ಒಬ್ಬರು ಉಚಿತ’ ಎಂದು ಅಚ್ಚಾಗಿತ್ತು. ತೊಂದರೆಯೆಲ್ಲ ಹುಟ್ಟಿದ್ದು ಆ ಇರುವೆ ಸಾಲಿನಿಂದ.

ಮೊದಲು ಬಂದವಳು ಕೆಳಗಿನ ಮನೆಯ ಟೈಲರಮ್ಮ. "ಅಕ್ಕಾ, ಭಾವನ್ನ ಮಾರ್ಕೆಟ್ಟಿನ ತನಕ ಸ್ವಲ್ಪ ಕೊಡ್ತೀರಾ? ಮಧ್ಯಾಹ್ನದೊಳಗೆ ತಂದು ಬಿಡ್ತೀನಿ" ಎಂದು ಲಿಫ್ಟಪ್ಪನ ಹೆಂಡತಿಯನ್ನು ಕೇಳಿದಳು, ಏಣಿ ಕೇಳುವ ಹಾಗೆ. ಹೆಂಡತಿ ಕೊಟ್ಟಳು. ಮರುದಿನ ಮೇಷ್ಟ್ರು ಬಂದರು. ಅವರಿಗೆ ಅರವತ್ತೈದು ತುಂಬುವುದಕ್ಕೆ ಇನ್ನೂ ಎರಡು ವರ್ಷ ಬಾಕಿ ಇದ್ದು, ಅದನ್ನು ಅವರು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ದಿನದಿನವೂ ಕಳೆಯುತ್ತಿದ್ದರು. ಆಮೇಲೆ ಇಡೀ ಕಟ್ಟಡವೇ ಬಂತು. ಒಂದು ದಿನ ಬೆಳಗಿನ ಹತ್ತು ಗಂಟೆಗೆ ಇಬ್ಬರು ಬಂದು, ಒಬ್ಬರು ಅವನ ಬಲಗೈ, ಇನ್ನೊಬ್ಬರು ಎಡಗೈ ಹಿಡಿದು ಎಳೆದಾಗ ಹೆಂಡತಿಗೆ ವ್ಯವಸ್ಥೆ ಬೇಕೆನಿಸಿತು. ಅಳತೆ ಬರೆದುಕೊಳ್ಳುವ ಸ್ಲೇಟನ್ನು ಟೈಲರಮ್ಮನಿಂದ "ಒಂದು ದಿನಕ್ಕೆ" ಎಂದು ಇಸಿದುಕೊಂಡು ಬಂದು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದಳು. ಆ ಒಂದು ದಿನಕ್ಕೆ ಈಗ ಹತ್ತಿರ ಹತ್ತಿರ ವರ್ಷವಾಗಿತ್ತು.

‘ಸೋಮವಾರ ಬೆಳಗ್ಗೆ: ಟೈಲರಮ್ಮ. ಮಧ್ಯಾಹ್ನ: ಮೇಷ್ಟ್ರು. ಸಂಜೆ: ಖಾಲಿ.’ ತಾನು ಅಂದು ಎಲ್ಲಿಗೆ ಹೋಗುತ್ತೇನೆಂದು ಲಿಫ್ಟಪ್ಪನಿಗೆ ತಿಳಿಯುತ್ತಿದ್ದುದು ಬೆಳಗ್ಗೆ ಎದ್ದು ಆ ಸ್ಲೇಟು ಓದಿದ ಮೇಲೆಯೇ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವನಿಗೆ ಯಾವತ್ತೂ ಸಿಕ್ಕಿದ್ದಿಲ್ಲ. ಮೇಷ್ಟ್ರಿಗೆ ಲೈಟು ಕಂಬ ಎಣಿಸಬೇಕು, ಟೈಲರಮ್ಮನಿಗೆ ದಾರಿಹೋಕರ ಬಟ್ಟೆಯಲ್ಲಿ ಹೊಲಿಗೆ ತಪ್ಪು ಹುಡುಕಬೇಕು. ಇವನಿಗೆ ಕಾಣುತ್ತಿದ್ದುದು ಎದುರು ನಿಂತವರ ಬೆಲ್ಟು.

ಅವನಿಗೂ ಒಂದು ಆಸೆ ಇತ್ತು. ಒಂದು ದಿನ ಒಂಬತ್ತನೇ ನಂಬರ್ ಬಸ್ಸಿನ ಕಂಡಕ್ಟರನ್ನು, "ಕೊನೇ ಸ್ಟಾಪಲ್ಲಿ ಏನಿದೆಯಪ್ಪಾ?" ಎಂದು ಕೇಳಿದ್ದ.

"ಏನೂ ಇಲ್ಲ ಯಜಮಾನ್ರೇ. ಒಂದು ಮರ, ಒಂದು ನಲ್ಲಿ. ನಾವು ನೀರು ಕುಡಿದು ವಾಪಸ್ ಬರ್ತೀವಿ."

ಆ ಮಾತು ಅವನೊಳಗೆ ಹೋಗಿ ಕೂತಿತು. ಅವನು ಕಂಡ ಏಳು ಬಾಗಿಲುಗಳ ಹಿಂದೆಯೂ ಏನಾದರೂ ಇತ್ತು: ಫೈಲು, ಮೇಜು, ಸಿಟ್ಟು, ಮೀಟಿಂಗು. ಏನೂ ಇಲ್ಲದ ಜಾಗವನ್ನು ಅವನು ನೋಡಿಯೇ ಇರಲಿಲ್ಲ. ರಸ್ತೆ ಮುಗಿಯುವಲ್ಲಿ, ಆ ಮರದ ಕೆಳಗೆ ಕೂತು, ದೇವರ ಹೆಸರು ಹೇಳಿ ಆ ನಲ್ಲಿಯ ನೀರನ್ನು ಒಂದು ಬೊಗಸೆ ಕುಡಿದು ಬರಬೇಕು. ಒಬ್ಬನೇ. ಕಿಟಕಿಯ ಪಕ್ಕ ಕೂತು.

ಪಾಸಿನ ವರ್ಷ ಮುಗಿಯುವುದು ಇಂದು. ಸಂಜೆ ನಾಲ್ಕರೊಳಗೆ ಪಾಸಾಫೀಸಿನ ಡಾಕ್ಟರ ಮುಂದೆ ಖುದ್ದಾಗಿ ನಿಂತರೆ ಮತ್ತೊಂದು ವರ್ಷ. ತಪ್ಪಿದರೆ ಮೊದಲಿನಿಂದ ಹೊಸ ಅರ್ಜಿ, ಹದಿನಾಲ್ಕು ತಿಂಗಳ ಸರದಿ.

"ನೋಡು" ಎಂದು ಹೆಂಡತಿಗೆ ಹೇಳಿದ. "ಹೊಸ ಪಾಸಲ್ಲಿ ಮೊದಲನೇ ಸವಾರಿ ನಂದು. ಪಾಸಾಫೀಸಿಂದ ನೆಟ್ಟಗೆ ಕೊನೇ ಸ್ಟಾಪಿಗೆ."

"ಹೋಗ್ಬನ್ನಿ, ನಾನೇನು ಬೇಡ ಅಂದ್ನಾ? ಮರ ಓಡಿ ಹೋಗಲ್ಲ. ನೀವು ಟೋಪಿ ಮಾತ್ರ ಕಳ್ಕೊಂಡು ಬರಬೇಡಿ" ಎಂದಳು ಹೆಂಡತಿ. ಸ್ಲೇಟಿನ ಮೇಲೆ ‘ಇವತ್ತು ಕೊಡುವುದಿಲ್ಲ’ ಎಂದು ದಪ್ಪಗೆ ಬರೆದು ಬಾಗಿಲು ತೆರೆದಳು.

ಮೆಟ್ಟಿಲ ತಿರುವಿನಲ್ಲಿ ಇಬ್ಬರು ನಿಂತಿದ್ದರು. ಒಬ್ಬಳು ಟೈಲರಮ್ಮ. ಇನ್ನೊಬ್ಬರಿಗೆ ತಲೆ ಇರಲಿಲ್ಲ.

ಅದು ಟೈಲರಮ್ಮನ ಗೊಂಬೆ. ದರ್ಜಿಗಳು ಬಟ್ಟೆ ತೊಡಿಸಿ ನೋಡುವ, ಕುತ್ತಿಗೆಯಿಂದ ಸೊಂಟದವರೆಗಿನ, ಹೊಟ್ಟೆಯೊಳಗೆ ಹೊಟ್ಟು ತುಂಬಿದ ಗೊಂಬೆ. ಕೆಳಗೆ ಒಂದೇ ಕಬ್ಬಿಣದ ಕಾಲು. ಮೈಮೇಲೆ ಚಿನ್ನದ ಬಣ್ಣದ ಗುಂಡಿಗಳ ಹೊಸ ಕೋಟು.

"ಭಾವ, ಒಳ್ಳೇ ಟೈಮಿಗೆ ಬಂದ್ರಿ. ಬ್ಯಾಂಡಿನ ಡೋಲಿನವರ ಕೋಟು ಇದು. ಮಡಚಿದ್ರೆ ಮಡಿಕೆ ಬೀಳತ್ತೆ, ಮಡಿಕೆ ಬಿದ್ರೆ ಅವರು ಡೋಲಿಗೆ ಹೊಡೆಯೋದನ್ನ ನನಗೆ ಹೊಡೀತಾರೆ. ಮಾರ್ಕೆಟ್ ಸ್ಟಾಪಲ್ಲಿ ಕಾಯ್ತಿರ್ತಾರೆ. ನೀವು ಹೆಂಗೂ ಒಂಬತ್ತನೇ ನಂಬರಲ್ಲಿ ಹೋಗ್ತಿದೀರಲ್ಲ."

"ಇವತ್ತು ಸ್ಲೇಟಲ್ಲಿ..."

"ಸ್ಲೇಟು ನಂದೇ ಅಲ್ವಾ ಭಾವ" ಎಂದಳು ಟೈಲರಮ್ಮ, ಮುಗುಳ್ನಕ್ಕು. ಲಿಫ್ಟಪ್ಪ ತಿರುಗಿ ಹೆಂಡತಿಯ ಕಡೆ ನೋಡಿದ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಮೇಲಿನ ಕಟಕಟೆಯಿಂದ ಮೇಷ್ಟ್ರ ಕನ್ನಡಕ ಕೆಳಗೆ ಬಾಗಿತು. ಕೈಯಲ್ಲಿ ಗೆರೆ ಹೊಡೆದ ಕಾಗದ. "ಲಿಫ್ಟಪ್ಪನವರೇ, ಗಾಬರಿ ಬೇಡ. ಎಲ್ಲ ಲೆಕ್ಕ ಹಾಕಿದೀನಿ. ಮಾರ್ಕೆಟ್ ತನಕ ನಿಮ್ಮ ಜೊತೆಗಾರರು ಟೈಲರಮ್ಮ. ಅಲ್ಲಿ ಅವರು ಇಳೀತಾರೆ, ನಾನು ಹತ್ತುತೀನಿ. ಗ್ರಂಥಾಲಯದಲ್ಲಿ ನಾನು ಇಳೀತೀನಿ. ಅದರ ಮುಂದಿನ ಸ್ಟಾಪೇ ಪಾಸಾಫೀಸು. ನಿಮಗೆ ಅರ್ಧ ನಿಮಿಷ ನಷ್ಟ ಇಲ್ಲ. ಜೊತೆಗಾರರ ಜಾಗ ಖಾಲಿ ಹೋಗೋದು ಅಂದ್ರೆ ಪಾಪ ಕಣ್ರೀ."

ಮಾರ್ಕೆಟ್ಟಿನಲ್ಲಿ ಬಸ್ ಹತ್ತುವುದಕ್ಕಾಗಿ ಮೇಷ್ಟ್ರು ಆಗಲೇ ಛತ್ರಿ ಹಿಡಿದು, ಮಂಜಿನೊಳಗೆ, ನಡೆದುಕೊಂಡು ಹೊರಟರು.

ಒಂಬತ್ತನೇ ನಂಬರ್ ಬಸ್ಸು ಮಂಜಿನಿಂದ ಕೆಮ್ಮುತ್ತ ಹೊರಬಂತು. ಲಿಫ್ಟಪ್ಪ ಹತ್ತಿದ, ಟೈಲರಮ್ಮ ಹತ್ತಿದಳು. ಗೊಂಬೆಯ ಅರ್ಧ ಹತ್ತುವಷ್ಟರಲ್ಲಿ ಕಂಡಕ್ಟರು ಅಡ್ಡ ನಿಂತ.

"ಇದಕ್ಕೆ ಲಗೇಜು. ಎರಡು ಟಿಕೆಟ್ಟಿನ ಲೆಕ್ಕ."

"ಎರಡಾ? ನನಗಿಂತ ಜಾಸ್ತಿನಾ ಇದಕ್ಕೆ?" ಟೈಲರಮ್ಮ ಸೊಂಟಕ್ಕೆ ಕೈಯಿಟ್ಟಳು. ಅವಳ ತಲೆಯೊಳಗೆ ಕತ್ತರಿ ಓಡಿದ್ದು ಲಿಫ್ಟಪ್ಪನಿಗೆ ಕೇಳಿಸಿತು. "ಹಂಗಾದ್ರೆ ನನಗೇ ಒಂದು ಟಿಕೆಟ್ ಹರಿ. ಇವರ ಜೊತೆಗಾರರು ನಾನಲ್ಲ, ಇದು."

"ಏನಮ್ಮಾ, ಜೊತೆಗಾರರು ಅಂದ್ರೆ ಮನುಷ್ಯರಾಗಿರಬೇಕಲ್ವಾ?"

"ಎಲ್ಲಿ ಬರೆದಿದೆ? ತೋರ್ಸು."

ಕಂಡಕ್ಟರು ಪಾಸನ್ನು ಮೂಗಿನ ಹತ್ತಿರ ಹಿಡಿದು ಇರುವೆ ಸಾಲನ್ನು ಓದಿದ. ‘ಒಬ್ಬರು’ ಎಂದಿತ್ತು. ಮತ್ತೇನೂ ಇರಲಿಲ್ಲ. "ಆದ್ರೂ ಅಕ್ಕಾ... ತಲೆನೇ ಇಲ್ವಲ್ಲ" ಎಂದ ಸಣ್ಣ ದನಿಯಲ್ಲಿ.

ಟೈಲರಮ್ಮ ಲಿಫ್ಟಪ್ಪನ ಉಣ್ಣೆ ಟೋಪಿಯನ್ನು ಕಿತ್ತು ಗೊಂಬೆಯ ಕುತ್ತಿಗೆಯ ಗುಬುಟಿಗೆ ಹಾಕಿದಳು. "ಈಗ?"

ಹಿಂದಿನಿಂದ ಜನ ಕೂಗತೊಡಗಿದರು: "ರೈಟ್ ಅನ್ನಯ್ಯಾ! ತಲೆ ಇರೋರಿಗೆ ಆಫೀಸಿಗೆ ಹೊತ್ತಾಗತ್ತೆ!" ಕಂಡಕ್ಟರು ನಿಟ್ಟುಸಿರು ಬಿಟ್ಟು ಯಂತ್ರದಲ್ಲಿ ‘ಪಾಸು ಒಂದು, ಜೊತೆಗಾರರು ಒಬ್ಬರು’ ಎಂದು ಒತ್ತಿದ. ಒಂದು ಮಂತ್ರ ಹೇಳಿ ಪ್ರಾಣ ತುಂಬಿದ ಹಾಗೆ, ಆ ಕ್ಷಣದಿಂದ ಗೊಂಬೆ ಸರ್ಕಾರದ ಕಣ್ಣಿನಲ್ಲಿ ಒಬ್ಬರಾಯಿತು.

ಕೋಟು ಮುದುಡಬಾರದೆಂದು ಟೈಲರಮ್ಮ ಅದನ್ನು ಕಿಟಕಿಯ ಪಕ್ಕ ಕೂರಿಸಿದಳು.

ಮಾರ್ಕೆಟ್ ಸ್ಟಾಪಿನಲ್ಲಿ ಡೋಲಿನವರು ತಮ್ಮ ಡೋಲಿನಷ್ಟೇ ಅಗಲವಾಗಿ ನಿಂತಿದ್ದರು. ಟೈಲರಮ್ಮ ಗೊಂಬೆಯ ಕೋಟು ಬಿಚ್ಚಿದಳು. "ಭಾವ, ಎರಡೇ ನಿಮಿಷ ನೋಡ್ಕೊಳ್ಳಿ, ತೊಡಿಸಿ ಬಂದೆ" ಎಂದು ಇಳಿದಳು. ಮಂಜಿನಲ್ಲಿ ತೋಳು ಯಾವುದು ಕಾಲರು ಯಾವುದು ಎಂದು ಅವರು ಹುಡುಕುತ್ತಿರುವಾಗಲೇ ಬಸ್ಸು ಹೊರಟಿತು. ಹೊರಡುವ ಮೊದಲು ಅದರೊಳಗೆ ಛತ್ರಿಯೊಂದು ಹತ್ತಿತ್ತು. ಛತ್ರಿಯ ಹಿಂದೆ ಮೇಷ್ಟ್ರು.

"ಜೊತೆಗಾರ, ಗ್ರಂಥಾಲಯ" ಎಂದರು ಮೇಷ್ಟ್ರು ಗತ್ತಿನಿಂದ.

"ಜೊತೆಗಾರರು ಆಗ್ಲೇ ಇದಾರೆ ಮೇಷ್ಟ್ರೇ" ಎಂದ ಕಂಡಕ್ಟರು.

"ಎಲ್ಲಿ?"

"ಅಲ್ಲಿ. ಕಿಟಕಿ ಪಕ್ಕ."

ಮೇಷ್ಟ್ರು ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. "ಅದು ಗೊಂಬೆ ಕಣಯ್ಯ! ಉಸಿರಾಡಲ್ಲ!"

"ಉಸಿರಾಡಬೇಕು ಅಂತ ನಿಯಮ ಇಲ್ಲ. ಯಂತ್ರಕ್ಕೆ ಒಬ್ಬರನ್ನ ಒತ್ತಾಗಿದೆ. ಇನ್ನೊಬ್ಬರನ್ನ ತಗೊಳ್ಳಲ್ಲ. ನೀವು ಟಿಕೆಟ್ ತಗೊಳ್ಳಿ."

"ನಲವತ್ತು ವರ್ಷ ಲೆಕ್ಕ ಹೇಳಿಕೊಟ್ಟವನು ನಾನು. ಸೊನ್ನೆಯನ್ನ ಒಂದು ಅಂತ ಎಣಿಸೋಕೆ ಒಪ್ಪಲ್ಲ!"

"ಅಪ್ಪಾ, ನಾನೇ ಟಿಕೆಟ್ ತಗೊಂಡುಬಿಡ್ತೀನಿ ಇವರಿಗೆ" ಎಂದ ಲಿಫ್ಟಪ್ಪ, ಕಿಸೆಗೆ ಕೈ ಹಾಕುತ್ತ.

"ಕೂತ್ಕೊಳ್ರೀ! ಇದು ದುಡ್ಡಿನ ವಿಷಯ ಅಲ್ಲ, ತತ್ವದ ವಿಷಯ" ಎಂದು ಮೇಷ್ಟ್ರು ಅವನನ್ನು ಛತ್ರಿಯಿಂದಲೇ ಕೂರಿಸಿದರು.

ಬಸ್ಸು ಎರಡು ಪಕ್ಷವಾಯಿತು. ಗೊಂಬೆಯನ್ನು ಇಳಿಸಬೇಕೆಂದು ಕೆಲವರು. ಚೀಲ ಹಿಡಿದ ಒಬ್ಬ ಅಜ್ಜಿ ಮಾತ್ರ, "ಬಾಯಿಲ್ಲದೋರು ಅಂತ ಹಿಂಗೆ ಮಾಡ್ತೀರಾ? ಮೊದಲು ಬಂದು ಕೂತಿದೆ, ಅದರ ಪಾಡಿಗೆ ಅದಿದೆ. ಈ ಬಸ್ಸಲ್ಲಿ ಗಲಾಟೆ ಮಾಡ್ದೆ ಕೂತಿರೋದು ಅದೊಂದೇ!" ಎಂದು ಗೊಂಬೆಯ ಪರ ನಿಂತರು. ಕೊನೆಗೆ ಡ್ರೈವರು ಎಂಜಿನ್ ಆರಿಸಿ, ತೀರ್ಮಾನವಾಗದ ಜಗಳ ಡಿಪೋಗೆ ಹೋಗಬೇಕೆಂಬ ನಿಯಮವನ್ನು ನೆನಪಿಸಿದ. ಉಳಿದವರನ್ನೆಲ್ಲ ಹಿಂದಿನ ಬಸ್ಸಿಗೆ ಹತ್ತಿಸಿ, ಲಿಫ್ಟಪ್ಪ, ಮೇಷ್ಟ್ರು ಮತ್ತು ಗೊಂಬೆಯನ್ನು ಕೂರಿಸಿಕೊಂಡು ಬಸ್ಸು ಎಲ್ಲೂ ನಿಲ್ಲದೆ ಓಡಿತು. ಗ್ರಂಥಾಲಯ ಹೋಯಿತು. ಗೊಂಬೆಯ ಭುಜದ ಆಚೆ ಪಾಸಾಫೀಸು ಕಾಣಿಸಿ ಮರೆಯಾಯಿತು.

"ಇಲ್ಲೊಂದು ಸ್ವಲ್ಪ ಇಳೀತೀನಪ್ಪಾ, ನಾಲ್ಕು ಗಂಟೆಗೆ ಮುಚ್ಚುತ್ತೆ."

"ವಿಚಾರಣೆ ಮುಗಿಯೋ ತನಕ ಇಳಿಯೋ ಹಾಗಿಲ್ಲ ಯಜಮಾನ್ರೇ. ಗಲಾಟೆ ನಿಮ್ಮ ಪಾಸಿಂದಲ್ವಾ?"

ಮಂಜು ಹರಿಯುತ್ತಿತ್ತು. ರಸ್ತೆ ಏರಿತು, ಮನೆಗಳು ವಿರಳವಾದವು. ಕೊನೆಯ ಸ್ಟಾಪಿಗೆ ಇನ್ನು ಎರಡೇ ಸ್ಟಾಪು ಎಂದು ಫಲಕ ಹೇಳಿತು. ಲಿಫ್ಟಪ್ಪ ಎದ್ದು ನಿಂತು ಕತ್ತು ಚಾಚಿದ. ಅಷ್ಟರಲ್ಲಿ ಬಸ್ಸು ಎಡಕ್ಕೆ ಹೊರಳಿ ಡಿಪೋದೊಳಗೆ ನುಗ್ಗಿತು.

ಡಿಪೋ ಮ್ಯಾನೇಜರು ಊಟದ ಹೊತ್ತಿಗೆ ಮುಂಚೆಯೇ ಊಟಕ್ಕೆ ಹೋಗಿದ್ದರು. ಅವರು ಬರುವವರೆಗೆ ಎಲ್ಲರೂ ಹೇಳಿಕೆ ಬರೆದುಕೊಡಬೇಕಾಗಿತ್ತು. ಕಂಡಕ್ಟರು ಅರ್ಧ ಪುಟ ಬರೆದ. ಲಿಫ್ಟಪ್ಪ, ‘ನನ್ನದೇನೂ ತಕರಾರಿಲ್ಲ, ನಾಲ್ಕರೊಳಗೆ ಬಿಡಿ’ ಎಂದು ಒಂದು ಸಾಲು ಬರೆದ. ಮೇಷ್ಟ್ರು ಚಿತ್ರ ಸಮೇತ ಒಂಬತ್ತು ಪುಟ ಬರೆದರು. ಊಟ ಮುಗಿಸಿ, ಒಂಬತ್ತೂ ಪುಟವನ್ನು ತಾಳ್ಮೆಯಿಂದ ಓದಿ, ಮೂರೂ ಕಾಲಿಗೆ ಮ್ಯಾನೇಜರು ತೀರ್ಪು ಕೊಟ್ಟರು.

"ಗೊಂಬೆ ಸರಿಯಾಗೇ ಕೂತಿದೆ. ಮೇಷ್ಟ್ರು ಟಿಕೆಟ್ ತಗೋಬೇಕಾಗಿತ್ತು."

ಮೇಷ್ಟ್ರು ಮೇಲ್ಮನವಿಗೆ ಇನ್ನೂ ಹತ್ತು ಹಾಳೆ ಬೇಕೆಂದು ಕೈ ಚಾಚಿದರು.

ಲಿಫ್ಟಪ್ಪ ಬಾಗಿಲ ಕಡೆ ಹೆಜ್ಜೆ ಹಾಕಿದ. "ರೀ, ನಿಮ್ಮ ಜೊತೆಗಾರರು!" ಎಂದು ಮ್ಯಾನೇಜರು ಕೂಗಿದರು. "ಹತ್ತಿಸಿಕೊಂಡು ಬಂದವರೇ ಇಳಿಸಿಕೊಂಡೂ ಹೋಗಬೇಕು. ಬಿಟ್ಟುಹೋದ್ರೆ ಪಾಸು ರದ್ದು." ಅವನು ತಿರುಗಿ ಬಂದು ಗೊಂಬೆಯನ್ನು ಹೆಗಲಿಗೇರಿಸಿದ. ಕಬ್ಬಿಣದ ಕಾಲು ಅವನ ಬೆನ್ನಿಗೆ, ನಡೆದಂತೆಲ್ಲ, ಸಮಾಧಾನ ಹೇಳುವವರ ಹಾಗೆ ತಟ್ಟುತ್ತಿತ್ತು.

ವಾಪಸ್ ಬಸ್ಸಿನಿಂದ ಅವನು ಪಾಸಾಫೀಸಿನ ಎದುರು ಇಳಿದಾಗ ಗಡಿಯಾರದಲ್ಲಿ ನಾಲ್ಕಕ್ಕೆ ಎಂಟು ನಿಮಿಷವಿತ್ತು. ಕಚೇರಿ ಮೂರನೇ ಮಹಡಿ. ಲಿಫ್ಟಿನ ಬಾಗಿಲಿಗೆ ‘ಕೆಟ್ಟಿದೆ’ ಎಂದು ಚೀಟಿ ಅಂಟಿಸಿತ್ತು. ಹಾಸಿಗೆ ಹಿಡಿದ ನೆಂಟನನ್ನು ನೋಡುವ ಹಾಗೆ ಲಿಫ್ಟಪ್ಪ ಆ ಬಾಗಿಲನ್ನು ಒಂದು ಕ್ಷಣ ನೋಡಿದ. ಆಮೇಲೆ ಓಡಿದ.

ಹೇಗೆ ಓಡಿದನೆಂದು ಕೇಳಬೇಡಿ. ಮನುಷ್ಯನಿಗೆ ಬೇಕಾದಾಗ ಕಾಲಿನೊಳಗೆ ಬಲ ಇಡುವವನು ಒಬ್ಬನಿದ್ದಾನೆ. ಅದನ್ನು ಯಾವ ಹೊತ್ತಿನಲ್ಲಿ ಇಡಬಾರದು ಎಂಬುದನ್ನು ಮಾತ್ರ ಅವನು ಯೋಚಿಸುವುದಿಲ್ಲ. ಬೆಂಕಿ ಬಿದ್ದ ಮನೆಯಿಂದ ಮಗುವನ್ನು ಎತ್ತಿಕೊಂಡವನ ಹಾಗೆ ಗೊಂಬೆಯನ್ನು ಅವುಚಿಕೊಂಡು, ಎರಡೆರಡು ಮೆಟ್ಟಿಲು ಹಾರಿ, ಲಿಫ್ಟಪ್ಪ ಕೌಂಟರಿನ ಮುಂದೆ ಹೋಗಿ ನಿಂತ. ಮೊಣಕಾಲು ತುಟಿ ಪಿಟಕ್ಕೆನ್ನಲಿಲ್ಲ.

ಗುಮಾಸ್ತರು ಪಾಸನ್ನು ಯಂತ್ರಕ್ಕೆ ತೋರಿಸಿ ಎರಡು ಟೋಕನ್ ಹರಿದರು. "ಐವತ್ತೆಂಟು ನೀವು. ಐವತ್ತೊಂಬತ್ತು ಇವರು."

"ಸ್ವಾಮೀ, ಅದು ಗೊಂಬೆ."

"ಇರಬಹುದು" ಎಂದರು ಗುಮಾಸ್ತರು ಸಮಾಧಾನದಿಂದ. "ಗೊಂಬೆ ಅಂತ ಬರೆಯೋಕೆ ಕಲಂ ಇಲ್ಲ. ಇವತ್ತು ಬೆಳಗ್ಗೆಯಿಂದ ನಿಮ್ಮ ಪಾಸಲ್ಲಿ ಇಬ್ಬರು ಓಡಾಡಿದೀರಿ ಅಂತ ಇದೆ. ಬಂದಷ್ಟು ಜನಕ್ಕೆ ಟೋಕನ್ ಕೊಡಬೇಕು. ಕೊಟ್ಟ ಟೋಕನ್ ಎಲ್ಲ ಮುಗಿದ ಮೇಲೇ ಡಾಕ್ಟರು ಎದ್ದು ಹೋಗಬೇಕು."

ಒಳಗೆ ಡಾಕ್ಟರು ಕಿಟಕಿಯ ಬಳಿ ನಿಂತಿದ್ದರು. ತುಂಬ ಒಳ್ಳೆಯವರು; ಕಣ್ಣಂಚು ಒದ್ದೆಯಾಗಿತ್ತು. "ನೋಡಿದೆ, ಎಲ್ಲ ನೋಡಿದೆ. ಬಸ್ಸಿಂದ ಇಳಿದವರು ಇನ್ನೊಬ್ಬರನ್ನ ಹೊತ್ತುಕೊಂಡು ಓಡಿಬಂದಿರಿ. ಲಿಫ್ಟು ಬೇರೆ ಕೆಟ್ಟಿದೆ. ಈ ಕಾಲದಲ್ಲೂ ಇಂಥವರಿದಾರಲ್ಲ!"

"ಡಾಕ್ಟ್ರೇ, ಅರ್ಜಿ ನಂದು. ನನ್ನ ಮೊಣಕಾಲು..."

ಡಾಕ್ಟರು ಅವನನ್ನು ಕೂರಿಸಿ ಪುಟ್ಟ ಸುತ್ತಿಗೆಯಿಂದ ಮೊಣಕಾಲು ತಟ್ಟಿದರು. ಕಾಲು ಎಗರಿ ಅವರ ಮೇಜಿನ ಮೇಲಿನ ಫೈಲನ್ನು ಬೀಳಿಸಿತು.

"ದೇವರ ದಯೆ. ನನ್ನ ಮೊಣಕಾಲಿಗಿಂತ ಚೆನ್ನಾಗಿದೆ. ಒಂದು ವರ್ಷ ಏನು ಮಾಡಿದ್ರಿ ಇದಕ್ಕೆ?"

"ಏನಿಲ್ಲ. ಬಸ್ಸು ಹತ್ತಿದೆ, ಇಳಿದೆ. ಅವರಿವರ ಹಿಂದೆ ಓಡಾಡಿದೆ."

"ಅದೇ ಔಷಧಿ" ಎಂದು ಡಾಕ್ಟರು ಐವತ್ತೆಂಟರ ಮೇಲೆ ಅಡ್ಡಗೆರೆ ಎಳೆದರು. "ಮೂರು ಮಹಡಿ ಭಾರ ಹೊತ್ತು ಏರಬಲ್ಲರು ಅಂತ ಬರೆದಿದೀನಿ. ಎಲ್ಲಾದ್ರೂ ಕೆಲಸಕ್ಕೆ ಉಪಯೋಗ ಆಗತ್ತೆ. ಐವತ್ತೊಂಬತ್ತು!"

ಗುಮಾಸ್ತರು ಗೊಂಬೆಯನ್ನು ಕುರ್ಚಿಯ ಮೇಲೆ ಕೂರಿಸಿದರು. ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು.

"ಇವರು ಯಂತ್ರದಲ್ಲಿ ಇದಾರಾ?"

"ಇದಾರೆ ಸಾರ್. ಬೆಳಗ್ಗೆಯಿಂದ ಇದಾರೆ. ಡಿಪೋ ಮ್ಯಾನೇಜರ ತೀರ್ಪೂ ಇದೆ."

"ಇದಾರೆ ಅಂದ ಮೇಲೆ ಇಲ್ಲ ಅನ್ನೋಕೆ ನಾನು ಯಾರು" ಎಂದು ಡಾಕ್ಟರು ಲೇಖನಿ ತೆಗೆದರು. "ಹೊತ್ತು ತಂದವರು ಜೊತೆಗಾರರು. ಹೊರಿಸಿಕೊಂಡು ಬಂದವರು ಪಾಸಿನವರು. ನಿಯಮ ಸ್ಪಷ್ಟ ಇದೆ. ಹೇಳಿ, ಇವರಿಗೆ ತಾವಾಗೇ ನಡೆಯೋಕೆ ಆಗತ್ತಾ?"

"ಇಲ್ಲ" ಎಂದ ಲಿಫ್ಟಪ್ಪ. ಅವನು ಸುಳ್ಳು ಹೇಳುವವನಲ್ಲ.

"ಕೈ?"

"ಇಲ್ಲ."

"ಕಾಲು?"

"ಒಂದೇ. ಕಬ್ಬಿಣದ್ದು."

"ತಲೆ?" ಡಾಕ್ಟರು ಟೋಪಿಯನ್ನು ಸ್ವಲ್ಪ ಎತ್ತಿ ನೋಡಿ ಮರ್ಯಾದೆಯಿಂದ ಮತ್ತೆ ಇಟ್ಟರು. "ಎಷ್ಟು ದಿನದಿಂದ ಹೀಗೆ?"

"ಮೊದಲಿಂದಲೂ."

"ಹುಟ್ಟಿನಿಂದ" ಎಂದು ಡಾಕ್ಟರು ಬರೆದುಕೊಂಡರು. "ನೋವು ಇದೆಯಂತಾ?"

"ಯಾವತ್ತೂ ಹೇಳಿದ್ದಿಲ್ಲ."

"ತಾಳ್ಮೆ ನೋಡಿ! ವಯಸ್ಸು?"

ಗುಮಾಸ್ತರು ಬಗ್ಗಿ ಕಬ್ಬಿಣದ ಕಾಲಿಗೆ ಹೊಡೆದಿದ್ದ ಹಿತ್ತಾಳೆ ತಗಡಿನಲ್ಲಿ ತಯಾರಾದ ವರ್ಷ ಓದಿ, ಬೆರಳು ಮಡಚಿ ಎಣಿಸಿದರು. "ಎಪ್ಪತ್ತೆರಡು ಸಾರ್."

"ಹಾಗಾದ್ರೆ ವಯಸ್ಸಿನ ವಿಭಾಗಕ್ಕೂ ಬರ್ತಾರೆ, ಅಂಗದ ವಿಭಾಗಕ್ಕೂ ಬರ್ತಾರೆ. ನನ್ನ ಸರ್ವಿಸಲ್ಲೇ ಇಂಥ ಅರ್ಹತೆ ನೋಡಿಲ್ಲ" ಎಂದು ಡಾಕ್ಟರು ಭಕ್ತಿಯಿಂದ ಸಹಿ ಹಾಕಿದರು. "ವರ್ಷ ವರ್ಷ ಓಡಾಡಿಸೋದು ಬೇಡ. ಜೀವಮಾನ ಪೂರ್ತಿ ಪಾಸು ಕೊಡಿ. ಕಿಟಕಿ ಪಕ್ಕದ ಸೀಟು ಕಡ್ಡಾಯ ಅಂತ ಮುದ್ರೆ ಒತ್ತಿ."

ಗೊಂಬೆಯ ಫೋಟೋ ತೆಗೆದರು. ಟೋಪಿ ಸಮೇತ. ಗಡಿಯಾರ ನಾಲ್ಕು ಹೊಡೆಯಿತು.

ಲಿಫ್ಟಪ್ಪ ಗೊಂಬೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬಸ್ ಸ್ಟಾಪಿನಲ್ಲಿ ನಿಂತ. ಮಂಜು ಪೂರ್ತಿ ಕರಗಿ, ಬಿಸಿಲು ಜೇನಿನ ಬಣ್ಣಕ್ಕೆ ತಿರುಗಿತ್ತು. ಹಳೆಯ ಪಾಸಿಗೆ ತೂತು ಹೊಡೆದು ಕೊಟ್ಟಿದ್ದರು. ಹೊಸದು ಗೊಂಬೆಯ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಅಷ್ಟರಲ್ಲಿ ಒಂಬತ್ತನೇ ನಂಬರ್ ಬಂತು. ಮನೆಯ ಕಡೆಗಲ್ಲ, ಆಚೆ ಕಡೆಗೆ ಹೋಗುವುದು.

ಅದೇ ಕಂಡಕ್ಟರು. "ಬರ್ತೀರಾ ಯಜಮಾನ್ರೇ? ಇನ್ನು ಇಪ್ಪತ್ತು ನಿಮಿಷಕ್ಕೆ ಕೊನೇ ಸ್ಟಾಪು. ಇವರಿದ್ದಾರಲ್ಲ, ನಿಮಗೆ ಉಚಿತ" ಎಂದ, ಗೊಂಬೆಯ ಕುತ್ತಿಗೆಯ ಪಾಸು ನೋಡಿ.

ಬಸ್ಸು ಖಾಲಿ ಇತ್ತು. ಗೊಂಬೆಯನ್ನು ಹೆಗಲಿಗೇರಿಸಿಕೊಂಡ ಲಿಫ್ಟಪ್ಪನ ಒಂದು ಕಾಲು ಮೆಟ್ಟಿಲ ಮೇಲೆ ಹೋಗಿಯೇಬಿಟ್ಟಿತು. ಆಗ ಅವನಿಗೆ ಹೆಗಲ ಮೇಲಿನ ಭಾರ ನೆನಪಾಯಿತು. ಇದು ತನ್ನದಲ್ಲ. ಬೆಳಗ್ಗೆ ‘ಎರಡೇ ನಿಮಿಷ ನೋಡ್ಕೊಳ್ಳಿ’ ಎಂದು ಕೊಟ್ಟದ್ದು. ಗೊಂಬೆ ಇಲ್ಲದೆ ಅಲ್ಲಿ ಅವಳ ಕೆಲಸ ನಿಂತಿರುತ್ತದೆ. ಎರವಲು ಕೊಟ್ಟದ್ದನ್ನು ಎಲ್ಲೆಲ್ಲೋ ಎಳೆದುಕೊಂಡು ಹೋದರೆ ಆ ವಸ್ತುವಿಗೆ ಹೇಗಿರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

"ನಾಳೆ ಬರ್ತೀನಪ್ಪಾ. ಮೊದಲು ಇದನ್ನ ಮನೆಗೆ ಮುಟ್ಟಿಸ್ತೀನಿ" ಎಂದು ಕಾಲು ಕೆಳಗಿಟ್ಟ.

ಮನೆಯ ಕಡೆಯ ಬಸ್ಸಿನಲ್ಲಿ ಗೊಂಬೆ ಕಿಟಕಿಯ ಪಕ್ಕ ಕೂತಿತು. ಮುದ್ರೆ ಇತ್ತಲ್ಲ.

ಸಂಜೆ ಕಟ್ಟಡದ ಮೆಟ್ಟಿಲ ಮೇಲೆ ಟೈಲರಮ್ಮ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು, ಯಾರನ್ನಾದರೂ ಬಿಗಿಯುವವಳ ಹಾಗೆ ಕಾಯುತ್ತಿದ್ದಳು. ಡಿಪೋದಿಂದ ತತ್ವಕ್ಕಾಗಿ ನಡೆದುಕೊಂಡೇ ಬಂದ ಮೇಷ್ಟ್ರು ಕೆಳಗಿನ ಮೆಟ್ಟಿಲಿನಲ್ಲಿ ಕೂತು ಪಾದ ಒತ್ತಿಕೊಳ್ಳುತ್ತಿದ್ದರು. ಲಿಫ್ಟಪ್ಪನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಏನ್ ಭಾವ, ನನ್ನ ಗೊಂಬೆನ ಊರೆಲ್ಲ ಮೆರವಣಿಗೆ ಮಾಡಿಸಿದ್ರಾ? ಮೂರು ಜನರ ಬಟ್ಟೆ ಹಂಗೇ ನಿಂತಿದೆ!"

ಲಿಫ್ಟಪ್ಪ ಗೊಂಬೆಯನ್ನು ಇಳಿಸಿ, ಉಸಿರು ಬಿಟ್ಟು, ನಡೆದದ್ದನ್ನೆಲ್ಲ ಹೇಳಿದ. ತನ್ನ ಪಾಸು ಹೋದದ್ದನ್ನು ಹೇಳಿದ. ಗೊಂಬೆಗೆ ಬಂದದ್ದನ್ನೂ ಹೇಳಿದ. ಮೇಷ್ಟ್ರು ಎದ್ದು ಬಂದು ಹೊಸ ಪಾಸನ್ನು ಬೆಳಕಿಗೆ ಹಿಡಿದು, ಮೇಲಿಂದ ಕೆಳಗೆ ಓದಿದರು. ಇರುವೆ ಸಾಲು ಅಲ್ಲಿಯೂ ಇತ್ತು.

ಬೆಳಗ್ಗೆ ಸೊನ್ನೆಯಾಗಿದ್ದದ್ದು ಈಗ ಎಷ್ಟಾಯಿತೆಂದು ಮೇಷ್ಟ್ರು ಮನಸ್ಸಿನಲ್ಲೇ ಗುಣಿಸುತ್ತಿದ್ದರು. ಆಮೇಲೆ, ಹಿಂದೆಂದೂ ಇಲ್ಲದ ಮೆತ್ತನೆಯ ದನಿಯಲ್ಲಿ, "ಟೈಲರಮ್ಮನವರೇ, ನಾಳೆ ಬೆಳಗ್ಗೆ ಹತ್ತಕ್ಕೆ ಗೊಂಬೆಯವರು ಬಿಡುವಾಗಿದಾರಾ?" ಎಂದರು.

"ನಾಳೆ ನಾನು..." ಎಂದು ಲಿಫ್ಟಪ್ಪ ಬಾಯಿ ತೆರೆದ.

"ನೋಡೋಣ ಭಾವ. ಬೆಳಗ್ಗೆ ಮೇಷ್ಟ್ರು ಕೇಳಿಬಿಟ್ರು. ಮಧ್ಯಾಹ್ನ ನಂಗೆ ಬೇಕು. ನಿಮಗೆ ಗುರುವಾರ, ಶುಕ್ರವಾರದ ಹಾಗೆ ಯಾವಾಗಾದ್ರೂ ಸಂಜೆ..."

"ಹೋಗಲಿ, ನನ್ನ ಟೋಪಿ ಕೊಟ್ಬಿಡಮ್ಮ. ಚಳಿ" ಎಂದು ಅವನು ಕೈ ಚಾಚಿದ.

ಟೈಲರಮ್ಮ ಅವನ ಕೈಯನ್ನು ಮೆಲ್ಲಗೆ ತಡೆದಳು. "ಪಾಸಿನ ಫೋಟೋದಲ್ಲಿ ಟೋಪಿ ಇದೆ ಭಾವ. ಈಗ ತೆಗೆದ್ರೆ ಬೇರೆಯೋರು ಅಂದ್ಕೋತಾರೆ."

ಮೇಷ್ಟ್ರು ಗೊಂಬೆಯನ್ನು ಎತ್ತಿ ನೋಡಿ, ಮುಖ ಹಿಂಡಿ ಕೆಳಗಿಟ್ಟರು. "ಭಾರ ಇದೆಯಲ್ರೀ! ದಿನಾ ಇದನ್ನ ಬಸ್ ಸ್ಟಾಪಿಗೆ ಹೊತ್ತು ಹತ್ತಿಸೋರು ಯಾರು?"

ಎಲ್ಲರೂ ಲಿಫ್ಟಪ್ಪನ ಕಡೆ ನೋಡಿದರು. ಡಾಕ್ಟರು ಬರೆದುಕೊಟ್ಟ ಚೀಟಿ ಅವನ ಕಿಸೆಯಿಂದ ಅರ್ಧ ಹೊರಗೆ ಬಂದು ಕೂತಿತ್ತು. ಹತ್ತಿಸಿ, ಅವನು ನಡೆದುಕೊಂಡು ವಾಪಸ್ ಬರಬಹುದೆಂದೂ, ನಡೆಯುವುದು ಮೊಣಕಾಲಿಗೆ ಒಳ್ಳೆಯದೆಂದೂ ಮೇಷ್ಟ್ರು ಲೆಕ್ಕ ಹಾಕಿ ಹೇಳಿದರು. ಮೇಲಿನ ಮಹಡಿಗಳಿಂದ ಬಾಗಿಲು ತೆರೆಯುವ ಸದ್ದು ಕೇಳತೊಡಗಿತು. ಸುದ್ದಿ ಮೆಟ್ಟಿಲು ಹತ್ತಿ ಆಗಿತ್ತು. ಆಗಲೇ ನಾಲ್ಕೈದು ಜನ ಟೈಲರಮ್ಮನ ಸುತ್ತ ನಿಂತು, ತನಗೆ ಮಂಗಳವಾರ, ತನಗೆ ಬುಧವಾರ ಎನ್ನುತ್ತಿದ್ದರು.

ಲಿಫ್ಟಪ್ಪನ ಹೆಂಡತಿ ಮೊಳೆಯಿಂದ ಸ್ಲೇಟನ್ನು ತೆಗೆದಳು. ‘ಇವತ್ತು ಕೊಡುವುದಿಲ್ಲ’ ಎಂದು ದಪ್ಪಗೆ ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೂಲೆಗಳಲ್ಲಿ ಕಟ್ಟಿಕೊಂಡಿದ್ದ ವರ್ಷದ ಸುಣ್ಣದ ಪುಡಿಯನ್ನೂ ಉಗುರಿನಿಂದ ಕೆರೆದು ತೆಗೆದಳು. ಮೆಟ್ಟಿಲಿಳಿದು ಬಂದು, ಗದ್ದಲದ ನಡುವೆ ಕೈ ತೂರಿಸಿ, ಸ್ಲೇಟನ್ನೂ ಉಳಿದಿದ್ದ ಬಳಪದ ಚೂರನ್ನೂ ಟೈಲರಮ್ಮನ ಕೈಗೆ ಮೆಲ್ಲಗೆ ಇಟ್ಟಳು.

"ತಗೊಳ್ಳಿ. ಒಂದು ದಿನಕ್ಕೆ ಅಂತ ಇಸ್ಕೊಂಡಿದ್ದೆ."